ದೂಧಸಾಗರ ಯಾವ ಕಡೆ?

ಅಕ್ಕಿಆಲೂರಿನ ಬಸ್ಸು ಕೆಡಬಹುದಿತ್ತು, ರೊಟ್ಟಿಯ ಬುತ್ತಿ ಮನೆಯಲ್ಲೇ ಉಳಿಯಬಹುದಿತ್ತು, ನಾನು ರೈಲು ದಾರಿಯ ಸುರಂಗದ ಕತ್ತಲಲ್ಲಿ ಕಳೆದುಹೋಗಬಹುದಿತ್ತು. ಎಂಟು ವರ್ಷಕ್ಕೇ ನಾನು ಚಿಂತೆಯಲ್ಲಿ ಮುದುಕ. ಈಗಲೂ ತುಕ್ಕು ಹಿಡಿದ ಕಬ್ಬಿಣದ ವಾಸನೆ ಬಂದರೆ ಅಂದು ಸ್ಟೇಷನ್ನಿನಲ್ಲಿ ಕಂಡ ಟಿಕೆಟ್ ಕಿಟಕಿಯ ಸರಳು ನೆನಪಾಗಿ ಮೈ ಉರಿಯುತ್ತದೆ. ಗೋವಾ ರೈಲಿನಿಂದ ದೂಧಸಾಗರ ಜಲಪಾತ ನೋಡುವುದು ಅವ್ವನ ಬಹಳ ದಿನದ ಆಸೆ.

“ದೂಧಸಾಗರ ಯಾವ ಕಡೆ ಬರ್ತೈತ್ರಿ? ಆ ಕಡೆ ಸೀಟು ಕೊಡ್ರಿ,” ಎಂದು ಅಪ್ಪ ಟಿಕೆಟ್ ಕೊಡುವವನನ್ನು ಕೇಳಿದ.

“ವಿಚಾರಣೆ ಕಿಟಕಿಗೆ ಹೋಗ್ರಿ.”

ಅಲ್ಲಿದ್ದವ, “ಸೀಟಿನ ಮಾತು ಟಿಕೆಟ್ ಕೊಡೋರನ್ನ ಕೇಳ್ರಿ,” ಅಂದ. ಮೂರು ಸಲ ಅಲೆಸಿದ ಮೇಲೆ ಟಿಕೆಟ್ ಕೊಡುವವ ನಕ್ಕ: “ರೈಲಿಗೆ ಎರಡೂ ಕಡೆ ಕಿಟಕಿ ಅದಾವ, ಸುಮ್ನ ಕುಂದರ್ರಿ ಯಜಮಾನ್ರ!”

ನಾನು ಹೆದರಿದ್ದು ಒಂದೂ ಆಗಲಿಲ್ಲ. ಜಲಪಾತ ಮಾತ್ರ ಎದುರು ಸಾಲಿನ ಕಡೆ ಬಂತು. ಎದ್ದು ನಿಂತವರ ಬೆನ್ನುಗಳ ಹಿಂದೆ ಕತ್ತು ಚಾಚಿ ಸೋತ ಅವ್ವ, “ಸಪ್ಪಳ ಭಾಳ ಚಲೋ ಐತಿ,” ಅಂದಳು.