ನೀಲಾಂಬಿಕೆಯ ಎತ್ತರ

"ಅಮ್ಮಾ, ಹಿಮ್ಮಡಿ ಗೋಡೆಗೆ ತಾಗಿರಲಿ. ಬೆನ್ನೂ ತಾಗಲಿ, ಆಮೇಲೆ ತಲೆ. ನೆಟ್ಟಗೆ ನಿಂತ್ಕೊಳ್ಳಿ ನೋಡೋಣ," ಎಂದಳು ನರ್ಸ್ ಹಂಸ. ನೀಲಾಂಬಿಕೆಯವರ ಹಿಮ್ಮಡಿ ತಾಗಿತು. ಬೆನ್ನು ಅಷ್ಟೋ ಇಷ್ಟೋ ತಾಗಿತು. ತಲೆ ಮಾತ್ರ ಗೋಡೆಯಿಂದ ಅರ್ಧ ಗೇಣು ಮುಂದೆಯೇ ನಿಂತಿತು. ಬಾಗಿಲಲ್ಲಿ ನಿಂತಿದ್ದ ಗಂಡ ಗಂಗಾಧರಯ್ಯನವರು, "ನಾ ಏಳ್ಲಿಲ್ವಾ? ಮೂಳೆ ಪೂರಾ ಸವ್ದೋಗೈತೆ," ಎಂದು ನಿಟ್ಟುಸಿರು ಬಿಟ್ಟರು.

ಹೊಳೆನರಸೀಪುರದಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಈ ಗಿಡ್ಡ ಮನುಷ್ಯನಿಗೆ ಒಂದು ವಾರದಿಂದ ನಿದ್ದೆಯಿರಲಿಲ್ಲ. ಹಾಸನದ ಆಸ್ಪತ್ರೆಯವರು ಸ್ತ್ರೀಶಕ್ತಿ ಸಂಘದ ಹೆಂಗಸರಿಗೆ ಮೂಳೆ ಸವೆತದ ಬಗ್ಗೆ ತಿಳಿಸಿ ಹೇಳಲು ಊರಿಗೆ ಬಂದಿದ್ದಾಗ, ಇವರೂ ಕಿಟಕಿಯಾಚೆ ನಿಂತು ಕಿವಿಗೊಟ್ಟಿದ್ದರು. ಹೆಂಗಸರು ಕುಗ್ಗುತ್ತಾ ಬಂದರೆ, ಬೆನ್ನು ಬಾಗಿದರೆ ಉದಾಸೀನ ಮಾಡಬೇಡಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬೇಡ ಬೇಡವೆನ್ನುತ್ತಿದ್ದ ಹೆಂಡತಿಯನ್ನು ಹಾಸನದ ಬಸ್ಸು ಹತ್ತಿಸಿದ್ದರು.

ಹಂಸಳಿಗೆ ಮಾತ್ರ ಲೆಕ್ಕ ಹತ್ತಲಿಲ್ಲ. ಹಿಮ್ಮಡಿ ಇಟ್ಟು ನೋಡುವ ಯಂತ್ರ, ಈಕೆಯ ಮೂಳೆ ವಯಸ್ಸಿಗೆ ಚೆನ್ನಾಗಿಯೇ ಇದೆ ಎಂದಿತ್ತು. ಎಕ್ಸ್‌ರೇಯಲ್ಲೂ ಕುಂದಿರಲಿಲ್ಲ. "ಬೆನ್ನುಮೂಳೆಗೆ ಏನೂ ಆಗಿಲ್ಲ. ಮತ್ಯಾಕಮ್ಮಾ ಹೀಗೆ ಬಗ್ಗಿ ನಿಲ್ತೀರಿ?" ಎಂದು ಕೇಳಿದಳು. ನೀಲಾಂಬಿಕೆ ಓರೆಗಣ್ಣಿನಲ್ಲಿ ಗಂಡನನ್ನು ನೋಡಿ, "ಅವರ್ನ ವಸಿ ಆಚಿಕ್ಕೆ ಕಳ್ಸವ್ವ," ಎಂದು ಪಿಸುಗುಟ್ಟಿದರು.

ಗಂಗಾಧರಯ್ಯನವರು ಒಲ್ಲದ ಮನಸ್ಸಿನಿಂದ ಜಗಲಿಗೆ ನಡೆದ ಮೇಲೆ ಗುಟ್ಟು ಹೊರಬಿತ್ತು. "ನಾನು ಅವರಿಗಿಂತ ಎತ್ತರ ಕಣವ್ವ. ಧಾರೆ ದಿನ ಯಾರೋ, ‘ಕಂಬದ ಮಗ್ಗುಲಿಗೆ ಕೊಳಗ ನಿಲ್ಸವ್ರೆ’ ಅಂತ ನಕ್ಬುಟ್ರು. ಅವರ ಮಕ ಇಷ್ಟೇ ಇಷ್ಟಾಯ್ತು. ‘ವಸಿ ತಗ್ಗಿ ನಡಿ ಮಗಾ’ ಅಂತ ನಮ್ಮವ್ವ ಕಿವೀಲಿ ಏಳಿದ್ಲು. ನಲವತ್ತು ವರ್ಸಾಯ್ತು, ಅವತ್ತಿಂದ ತಗ್ಗೇ ನಡೀತೀನಿ. ಮನಗಿದ್ರೂ ಮುದುಡ್ಕಂಡೇ ಮನೀಕತೀನಿ. ಕತ್ತು, ಬೆನ್ನು ಒಂದೇ ಸಮ ನೋಯ್ತದೆ."

ಹಂಸ ಉಕ್ಕಿ ಬಂದ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮರುಗಳಿಗೆಯೇ ಅವಳಿಗೆ ಅಯ್ಯೋ ಅನ್ನಿಸಿತು. "ನಲವತ್ತು ವರ್ಷಾನಾ? ಅದಕ್ಕೇ ಈ ಕುತ್ತಿಗೆ ನೋವು, ಬೆನ್ನು ನೋವು. ಈಗಲೂ ನೆಟ್ಟಗೆ ನಿಲ್ಲೋ ಅಭ್ಯಾಸ ಮಾಡ್ದೆ ಹೋದ್ರೆ ಆ ಬಾಗು ಹಾಗೇ ಕೂತುಬಿಡುತ್ತೆ. ಆಮೇಲೆ ಬೇಕು ಅಂದ್ರೂ ಏಳೋಕಾಗಲ್ಲ. ರಾಗಿ, ಮಜ್ಜಿಗೆ, ಬಿಸಿಲು ಎಲ್ಲ ಒಳ್ಳೇದೇ. ಮೊದ್ಲು ನೀವು ನೆಟ್ಟಗೆ ನಿಲ್ಲಿ."

"ಬ್ಯಾಡ ಬುಡವ್ವ. ಈ ವಯಸ್ಸಲ್ಲಿ ಅವರಿಗ್ಯಾಕೆ ಅವಮಾನ? ನೋವು ನಂಗೆ ರೂಢಿಯಾಗೈತೆ."

ಅಷ್ಟರಲ್ಲಿ ಗಂಗಾಧರಯ್ಯನವರು ಒಳಗೆ ನುಗ್ಗಿದರು. ಆಳುಗಳನ್ನು ಗದರಿಸಿಯೇ ಬಾಳಿದವರು ನರ್ಸಿಗೆ ಕೈ ಮುಗಿದರು. "ಅದೇನು ಗುಸುಗುಸು? ಮುರ್ದೋಗೈತಾ? ಆಪರೇಸನ್ ಆಗ್ಬೇಕಾ? ಅದೇನಿದ್ರೂ ನನ್ನ ಮುಂದೇನೇ ಏಳ್ಬುಡವ್ವ, ತಡಕತೀನಿ," ಎಂದವರು ತಡೆದುಕೊಳ್ಳಲಾಗದೆ ಕಣ್ಣೊರೆಸಿಕೊಂಡರು.

ನೀಲಾಂಬಿಕೆಗೆ ಈ ಕಣ್ಣೀರಿಗಿಂತ ಅವರ ಸಿಟ್ಟೇ ಮೇಲು ಅನ್ನಿಸಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಿಮ್ಮಡಿಯನ್ನು ಗೋಡೆಗೆ ಒತ್ತಿ, ನಿಧಾನವಾಗಿ ಮೇಲೆದ್ದರು. ಬೆನ್ನು ತಾಗಿತು, ಹೆಗಲು ತಾಗಿತು, ಕುತ್ತಿಗೆ ಲಟಕ್ಕೆಂದು ತಲೆಯೂ ತಾಗಿತು. ಅದರ ಜೊತೆಗೇ ಗಂಗಾಧರಯ್ಯನವರ ಕಣ್ಣು ಮೇಲೆ, ಮೇಲೆ ಹೋಯಿತು. ಎತ್ತರದ ಪಟ್ಟಿ ಹಿಡಿದಿದ್ದ ಹಂಸ ಅಳತೆ ಓದುವುದನ್ನೇ ಮರೆತಳು.

"ತಪ್ಪಾಯ್ತು. ನಾನು ಇರೋದೇ ಇಷ್ಟು," ಎಂದರು ನೀಲಾಂಬಿಕೆ.

ಗಂಗಾಧರಯ್ಯನವರು ಸ್ಟೂಲಿನ ಮೇಲೆ ಕುಸಿದು ಕೂತರು. ಅಳುತ್ತಿದ್ದಾರೋ ನಗುತ್ತಿದ್ದಾರೋ ಸ್ವಲ್ಪ ಹೊತ್ತು ಗೊತ್ತಾಗಲಿಲ್ಲ. "ಅಯ್ಯೋ ನಿನ್ನ ಮನೆ ಕಾಯೋಗ! ಎತ್ತರದ ಎಣ್ಣು ಅಂತಾನೇ ಅಲ್ವೇನೇ ನಾ ನಿನ್ನ ಒಪ್ಕಂಡಿದ್ದು! ನಮ್ಮ ವಂಸದಾಗೆ ಎಲ್ಲಾ ನನ್ನಂಗೆ ಗಿಡ್ಡ, ಉಟ್ಟೋ ಮಕ್ಳಾದ್ರೂ ಉದ್ದ ಬರ್ಲಿ ಅಂತ ನಮ್ಮವ್ವನ್ ತಾವ ಅಟ ಮಾಡಿದ್ದೆ. ಬಂದ ವರ್ಸಕ್ಕೇ ಕುಗ್ಗೋದೆ. ನಮ್ಮನೆ ಬಿಂದ್ಗೆ ನೀರು ಒತ್ತು ಒತ್ತು ಇಂಗಾದ್ಲು ಅಂತ ಇಷ್ಟು ವರ್ಸ ಒಳಗೊಳಗೇ ಬೆಂದೋದ್ನಲ್ಲೇ!"

"ಒಂದು ಮಾತು ಬಾಯ್ಬುಟ್ಟು ಏಳಬಾರ್ದಿತ್ತಾ?"

"ನೀ ಏಳಿದ್ದಾ?"

ಹಂಸಳಿಗೆ ಇನ್ನು ತಡೆಯಲಾಗಲಿಲ್ಲ. ಪಕ್ಕದ ಕೋಣೆಯವರು ಇಣುಕಿ ನೋಡುವಷ್ಟು ನಕ್ಕಳು. ದಿನಾ ಬೆಳಿಗ್ಗೆ ಎಳೆಬಿಸಿಲಲ್ಲಿ ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು, ಯಜಮಾನರಿಗೂ ವಿನಾಯಿತಿ ಇಲ್ಲ ಎಂದು ಹೇಳಿ ಕಳಿಸಿದಳು.

ಮಧ್ಯಾಹ್ನದ ಹಾಸನ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಂದಿನಂತೆ ತುದಿಗಾಲಲ್ಲಿ ನಿಂತು ಬೋರ್ಡು ಹುಡುಕಲು ಹೊರಟ ಗಂಗಾಧರಯ್ಯನವರು ತಟ್ಟನೆ ನಿಂತರು. "ನೋಡೇ, ನಮ್ಮ ಬಸ್ಸು ಎಲ್ಲೈತೆ? ನಿಂಗೆ ಕಾಣ್ತದೆ."

ನೀಲಾಂಬಿಕೆ ಅತ್ತಿತ್ತ ನೋಡಿದರು. ಆಮೇಲೆ ಹೆಗಲನ್ನು ಹಿಂದಕ್ಕೆಳೆದು, ಕತ್ತೆತ್ತಿ, ಅಷ್ಟೂ ಜನರ ತಲೆಯ ಮೇಲಿಂದ ದೃಷ್ಟಿ ಹಾಯಿಸಿದರು. "ಅಗೋ, ಕೊನೇಲಿ ನಿಂತೈತೆ. ಬನ್ನಿ," ಎಂದು ಗಂಡನ ಕೈ ಹಿಡಿದು ಮುಂದೆ ನಡೆದರು. ಹಿಂದಿನಿಂದ ಗಂಗಾಧರಯ್ಯನವರು ಕೂಗುತ್ತಲೇ ಬಂದರು: "ದಾರಿ ಬುಡ್ರಪ್ಪಾ, ದಾರಿ ಬುಡಿ! ನಮ್ಮನೆಯೋಳು ಬತ್ತಾವ್ಳೆ, ಕಾಣಾಕಿಲ್ವಾ?"