ಬಾಗಿಲಿಲ್ಲದ ಆಫೀಸು

ಅಮ್ಮ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದ ಆಫೀಸಿಗೆ ಬಾಗಿಲಿರಲಿಲ್ಲ. ಹೆಡ್‌ಫೋನೇ ಬಾಗಿಲು: ಅದು ಅವಳ ಕಿವಿಯ ಮೇಲಿದ್ದರೆ ಮಗಳು ಬಾಯಿ ಬಿಡುವಂತಿರಲಿಲ್ಲ. ಈಗ ಮೀಟಿಂಗ್ ಮುಗಿದು ಎಷ್ಟೋ ಹೊತ್ತಾಗಿತ್ತು. ಆದರೂ ಸ್ವಲ್ಪ ನೆಮ್ಮದಿ ಸಿಗಲೆಂದು ಅಮ್ಮ ಅದನ್ನು ತೆಗೆಯದೆ ಕಣ್ಣು ಮುಚ್ಚಿ ಕೂತಿದ್ದಳು.

ಕಣ್ಣು ಬಿಟ್ಟಾಗ ಮಗಳು ಕುರ್ಚಿಯ ಪಕ್ಕದಲ್ಲೇ ತುಟಿ ಬಿಗಿದು ನಿಂತಿದ್ದಳು. ಗದ್ದದ ಮೇಲೆ ರಕ್ತದ ಗೆರೆ. ಅಮ್ಮ ಹೆಡ್‌ಫೋನ್ ಕಿತ್ತು ಪಕ್ಕಕ್ಕೆಸೆದಳು.

“ಅಯ್ಯೋ, ಏನಾಯ್ತೇ?”

“ಅಲ್ಲಾಡ್ತಿದ್ದ ಹಲ್ಲು ತಾನೇ ಬಿತ್ತು. ನಾನೇ ಕೀಳ್ತೀನಿ ಅಂತ ನೀನು ಅಂದಿದ್ಯಲ್ಲ, ಅದಕ್ಕೇ ಕಾಯ್ತಾ ಇದ್ದೆ.”

“ಕೂಗೋಕೇನಾಗಿತ್ತು, ಪೆದ್ದಿ?”

“ನೀನು ಆಫೀಸಲ್ಲಿದ್ದೆಯಲ್ಲಮ್ಮ.”

“ಹಲ್ಲೆಲ್ಲಿ?”

“ಬಾಯಿ ಬಿಡಬಾರದಲ್ಲ, ನುಂಗ್ಬಿಟ್ಟೆ.”

ಮೀಟಿಂಗ್ ಆಗಲೇ ಮುಗಿದಿತ್ತೆಂದು ಅಮ್ಮ ಹೇಳಲಿಲ್ಲ. ಸೆರಗಿನಿಂದ ಮಗಳ ಗದ್ದ ಒರೆಸಿದಳು. ಹೋದದ್ದು ಒಂದು ಹಾಲುಹಲ್ಲು, ಅದೂ ಮೊದಲನೆಯದು.