ಬಂಡೆಯ ಮೇಲಿನ ಸೀಮೆಸುಣ್ಣ

ತರಗತಿಯಲ್ಲಿ ಬೋರ್ಡು ಒರೆಸುವಾಗ ಸೀಮೆಸುಣ್ಣದ ಪುಡಿ ಮೂಗಿಗೆ ಬಡಿದರೆ, ಈಗಲೂ ನನಗೆ ಬೈಂದೂರಿನ ಆಚೆಯ ಆ ಗುಡ್ಡ ಕಣ್ಣಮುಂದೆ ಬರುತ್ತದೆ.

ಆಗ ನನಗೆ ಒಂಬತ್ತು, ಅಣ್ಣನಿಗೆ ಹದಿನೆಂಟು. ಮಾವನ ಮನೆಗೆ ಹೋದವರು ಒಂದು ಮಧ್ಯಾಹ್ನ ಅಮ್ಮನ ಜೊತೆ ಗುಡ್ಡ ಹತ್ತಿದೆವು. ಸುಸ್ತಾದ ಅಮ್ಮ ಅಲ್ಲಿದ್ದ ಒಂದು ಗುಹೆಯ ನೆರಳಲ್ಲಿ ಕೂತಳು. ಎದುರಿನ ಹಾಸುಬಂಡೆಯಲ್ಲಿ ಸಾವಿರಾರು ವರ್ಷದ ಹಿಂದಿನವರು ಕೊರೆದ ಎತ್ತುಗಳು, ಬೇಟೆಗಾರರು. ಉರಿಬಿಸಿಲಿಗೆ ಸರಿಯಾಗಿ ಕಾಣುತ್ತಿರಲಿಲ್ಲ, ಬೆರಳಾಡಿಸಿದರೆ ಮಾತ್ರ ಗೀರು ಸಿಗುತ್ತಿತ್ತು. ಶಾಲೆಯಿಂದ ನಾನು ತಂದಿದ್ದ ಸೀಮೆಸುಣ್ಣ ಕಸಿದುಕೊಂಡು ಅಣ್ಣ ಆ ಬೇಟೆಗಾರರ ಪಕ್ಕದಲ್ಲೇ ಕೈ ಹಿಡಿದುಕೊಂಡ ಇಬ್ಬರನ್ನು ಬರೆದ.

"ಉದ್ದದ್ದ್ ನಾನ್, ಗಿಡ್ಡದ್ದ್ ನೀನ್," ಅಂದ.

ಅಮ್ಮ ಎದ್ದು ಬಂದು ನೋಡಿದಳು. ಅವಳ ಮುಖ ಕಪ್ಪಿಟ್ಟಿತು.

"ಬದ್ಕಿಪ್ಪರ ಚಿತ್ರ ಸತ್ತವ್ರ ಒಟ್ಟಿಗ್ ಬೇಡ ಮಗಾ. ಒರ್ಸ್."

ಅಣ್ಣ ನಗುತ್ತಾ ನಿಂತ. ನಾನೇ ಲಂಗದ ಅಂಚನ್ನು ಬಾಟಲಿ ನೀರಿನಲ್ಲಿ ನೆನೆಸಿ, ಮೊದಲು ಅವನನ್ನು, ಆಮೇಲೆ ನನ್ನನ್ನು, ಬಿಳಿ ಎಲ್ಲೂ ಉಳಿಯದ ಹಾಗೆ ತಿಕ್ಕಿದೆ. "ಹುಷಾರಿ ಹೆಣ್ಣ್," ಎಂದು ಅಮ್ಮ ನನ್ನ ತಲೆ ಸವರಿದಳು.

ಮರುವರ್ಷ ಅಣ್ಣ ಮೊದಲ ಸಲ ಮೀನಿಗೆ ಹೋದ. ಬೋಟೂ ಬರಲಿಲ್ಲ, ಅವನೂ ಸಿಗಲಿಲ್ಲ.

ಮಳೆ ಕಳೆದ ಮೇಲೆ ಅಮ್ಮ ನನ್ನನ್ನು ಮತ್ತೆ ಆ ಗುಡ್ಡಕ್ಕೆ ಕರೆದುಕೊಂಡು ಹೋದಳು. ಎತ್ತುಗಳು, ಬೇಟೆಗಾರರು ಇದ್ದಲ್ಲೇ ಇದ್ದರು. ಪಕ್ಕದ ಬರಿಗಲ್ಲನ್ನು ಅಮ್ಮ ಅಂಗೈಯಲ್ಲಿ ಸವರಿ ಸವರಿ ನೋಡಿದಳು. ನಾನು ಲಂಗದ ಅಂಚನ್ನು ಮುದುಡಿ ಹಿಡಿದು ನಿಂತಿದ್ದೆ.

"ಚೂರೂ ಉಳಿಲಿಲ್ಯಾ ಮಗಾ?" ಅಂದಳು.